ಬೆಂಚಿನಿಂದ ಏಳದ ಉಮ್ಮ

ಅವರು ಒಮ್ಮೆ ಕೂತರೆ ಏಳಿಸುವುದು ಯಾರಿಂದಲೂ ಆಗುತ್ತಿರಲಿಲ್ಲ. ದೊಡ್ಡ ಆಳೇನಲ್ಲ; ನನ್ನ ಭುಜದಷ್ಟು ಎತ್ತರ, ತೆಳ್ಳಗಿನ ಕೈಗಳು. ಕೂರುವ ಮೊದಲು ಜಾಗವನ್ನು ಅಂಗೈಯಿಂದ ಒಮ್ಮೆ ಸವರುತ್ತಿದ್ದರು, ತಲೆಯ ಮೇಲಿನ ಶಾಲನ್ನು ಕಿವಿಯ ಹಿಂದೆ ಸಿಕ್ಕಿಸುತ್ತಿದ್ದರು, ಆಮೇಲೆ ಎರಡೂ ಕೈಗಳನ್ನು ಮೊಣಕಾಲ ಮೇಲಿಟ್ಟು ಕೂತುಬಿಡುತ್ತಿದ್ದರು. ಪಂಚಾಯತ್ ಕಚೇರಿಯಾದರೂ ಸರಿ, ಮದುವೆ ಮಂಟಪದ ಮುಂದಿನ ಸಾಲಾದರೂ ಸರಿ, ಬಂದ ಕೆಲಸ ಆಗುವ ತನಕ ಆ ಜಾಗ ಅವರದೇ. ಕಳೆದ ಮಳೆಗಾಲದ ಕೊನೆಗೆ ಅವರು ತೀರಿಹೋದರೆಂದು ಫೋನ್ ಬಂದಾಗ ನಾನು ಶಾಲೆಯಲ್ಲಿದ್ದೆ. "ಸಂಜೆ ಅಸರ್ ನಮಾಜು ಆದ ಮೇಲೆ ತೆಗೆದುಕೊಂಡು ಹೋಗ್ತೇವೆ ಟೀಚರ್" ಎಂದರು ಆ ಕಡೆಯಿಂದ. ಅವರನ್ನೂ ಯಾರೋ ಎತ್ತಿ ತೆಗೆದುಕೊಂಡು ಹೋಗಬಹುದು ಎಂಬುದನ್ನು ನಂಬಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

ಹೆಸರು ಬರೆಯುವುದಿಲ್ಲ. ಅವರ ಸೊಸೆಯ ಕತೆ ಹೇಳದೆ ಅವರ ಬಗ್ಗೆ ಬರೆಯಲಾಗದು, ಆ ಹುಡುಗಿ ಈಗ ಬೇರೆ ಮನೆಯಲ್ಲಿ ನೆಮ್ಮದಿಯಾಗಿದ್ದಾಳೆ. ನಾನು ಅವರನ್ನು ಉಮ್ಮ ಎಂದೇ ಕರೆಯುತ್ತಿದ್ದೆ. ಕರಾವಳಿಯ ಬ್ಯಾರಿ ಮುಸ್ಲಿಮರ ಮನೆಗಳಲ್ಲಿ ತಾಯಿಯನ್ನು ಕರೆಯುವುದು ಹಾಗೆ. ಇಲ್ಲಿಯೂ ಅದೇ ಇರಲಿ.

ನಾನು ಮುಂಡಾಜೆಯವಳು. ಫರಂಗಿಪೇಟೆ ಹತ್ತಿರದ ಸರ್ಕಾರಿ ಪ್ರಾಥಮಿಕ ಶಾಲೆಗೆ ವರ್ಗವಾಗಿ ಬಂದಾಗ ಮನೆ ಹುಡುಕಿ ಸೋತಿದ್ದೆ. ಗಂಡ ಸರ್ಕಾರಿ ಬಸ್ಸಿನ ಡ್ರೈವರ್, ದೂರದ ರೂಟು. ವಾರದಲ್ಲಿ ಹೆಚ್ಚಿನ ದಿನ ನಾನೊಬ್ಬಳೇ. ಉಮ್ಮನ ಮನೆಯ ಮಹಡಿ ಖಾಲಿ ಇತ್ತು, ಹೊರಗಿನಿಂದಲೇ ಮೆಟ್ಟಿಲು. ನಮ್ಮವರು ನನ್ನನ್ನು ಕೇಳಿದರು, "ಅಲ್ಲಿಯೇ ಯಾಕೆ? ನಮ್ಮವರ ಮನೆ ಸಿಗಲಿಲ್ಲವಾ?" ಅವರ ಕಡೆಯವರೂ ಅವರನ್ನು ಅದೇ ಕೇಳಿದ್ದರಂತೆ. ಉಮ್ಮ ಕೊಟ್ಟ ಉತ್ತರವನ್ನು ಮರುದಿನ ನನಗೇ ಹೇಳಿದರು: "ಮನೆ ನನ್ನದು, ಮೆಟ್ಟಿಲು ನನ್ನದು. ಹತ್ತುವವರು ಯಾರು ಅಂತ ನಾನು ನೋಡ್ತೇನೆ, ನೀವು ನಿಮ್ಮ ಮೆಟ್ಟಿಲು ನೋಡಿ ಅಂತ ಹೇಳಿದೆ."

ಅವರ ಬಾಯಲ್ಲಿ ಸದಾ ಇದ್ದ ಮಾತು "ಯಾರು ಹೇಳಿದ್ದು?" ಎಂಬುದು. ಮಂಗಳವಾರ ಹೀಗೆ ಮಾಡಬಾರದು, ಹೆಂಗಸರು ಅಲ್ಲಿಗೆ ಹೋಗಬಾರದು, ಈ ಕಚೇರಿಯಲ್ಲಿ ಹಾಗೆ ಕೇಳಬಾರದು ಎಂದು ಯಾರೇ ಹೇಳಲಿ, ಉಮ್ಮ ತಲೆ ವಾರೆ ಮಾಡಿ "ಯಾರು ಹೇಳಿದ್ದು? ಹೇಳಿದವರಿಗೆ ಹೆಸರು ಉಂಟಾ?" ಎನ್ನುತ್ತಿದ್ದರು. ಹೆಚ್ಚಿನವರ ಹತ್ತಿರ ಹೆಸರು ಇರುತ್ತಿರಲಿಲ್ಲ. ಗಂಡ ತೀರಿಕೊಂಡ ಮೇಲೆ ಜಂಕ್ಷನ್ನಿನಲ್ಲಿದ್ದ ಜೀನಸು ಅಂಗಡಿಯ ಗಲ್ಲಾದಲ್ಲಿ ಅವರೇ ಕೂತದ್ದೂ ಹೀಗೆಯೇ. ಹೆಂಗಸು ಅಂಗಡಿಯಲ್ಲಿ ಕೂರುವ ಕ್ರಮ ಇಲ್ಲ ಎಂದು ಬಂದವರಿಗೆಲ್ಲ ಹೆಸರು ಕೇಳಿ, ಮಕ್ಕಳಿಬ್ಬರು ದೊಡ್ಡವರಾಗುವ ತನಕ ಅಂಗಡಿ ನಡೆಸಿದರು.

ಹೆದ್ದಾರಿ ದಾಟುವಾಗ ಅವರನ್ನು ನೋಡಬೇಕಿತ್ತು. ನಾವೆಲ್ಲ ಆ ಕಡೆ ಈ ಕಡೆ ನೋಡುತ್ತ, ಎರಡು ಹೆಜ್ಜೆ ಮುಂದಿಟ್ಟು ಒಂದು ಹಿಂದಿಡುತ್ತ ನಿಂತಿರುವಾಗ ಅವರು ಬಲಗೈ ಎತ್ತಿ, ಅಂಗೈಯನ್ನು ಬರುವ ಲಾರಿಗೆ ತೋರಿಸಿ, ಲಾರಿಯ ಕಡೆಗೆ ನೋಡದೆ ನಡೆದುಬಿಡುತ್ತಿದ್ದರು. "ಉಮ್ಮ, ಒಂದು ದಿನ ಅವನು ನಿಲ್ಲಿಸದಿದ್ದರೆ?" ಎಂದು ಕೇಳಿದ್ದೆ. "ನಾನು ಮುಖ ನೋಡಿದರೆ ಅವನು ನಿಲ್ಲಿಸುವುದಿಲ್ಲ. ನೋಡದಿದ್ದರೆ ಅವನಿಗೇ ಹೆದರಿಕೆ ಆಗ್ತದೆ" ಎಂದರು. ನನ್ನ ಗಂಡ ಡ್ರೈವರಾದ್ದರಿಂದ ಇದನ್ನು ಕೇಳಿ ಬೆಚ್ಚಿಬಿದ್ದಿದ್ದರು.

ಅವರ ಎರಡನೆಯ ಮಗ ಸೌದಿಯಲ್ಲಿದ್ದ. ಮದುವೆಗೆಂದು ಬಂದು, ರಜೆ ಮುಗಿದು ಹೊರಟುಹೋದ. ಹೋದ ಕೆಲವೇ ವಾರಗಳಲ್ಲಿ ಅಲ್ಲಿನ ರಸ್ತೆಯಲ್ಲಿ ಅಪಘಾತವಾಗಿ ತೀರಿಹೋದ. ಮಣ್ಣು ಮಾಡಿದ್ದೂ ಅಲ್ಲಿಯೇ. ಉಮ್ಮ ಮಗನ ಮುಖವನ್ನು ಫೋನಿನಲ್ಲಿ ನೋಡಿದರು. ಮನೆಯಲ್ಲಿ ಉಳಿದದ್ದು ಅವರು ಮತ್ತು ಇಪ್ಪತ್ತು ವರ್ಷದ ಸೊಸೆ. ಆ ಹುಡುಗಿ ಕಕ್ಕಿಂಜೆಯವಳು, ನಮ್ಮ ಮುಂಡಾಜೆಯಿಂದ ಮುಂದೆ, ಚಾರ್ಮಾಡಿ ಘಾಟಿಯ ಬುಡದ ಊರು. ಒಂದೇ ರಸ್ತೆಯವರು ಎಂಬ ಕಾರಣಕ್ಕೋ ಏನೋ ನನ್ನ ಹತ್ತಿರ ಎರಡು ಮಾತು ಜಾಸ್ತಿ ಆಡುತ್ತಿದ್ದಳು. ಅತ್ತೆಯನ್ನು ಮಾಮಿ ಎನ್ನುತ್ತಿದ್ದಳು. ಉಳಿದ ಹೊತ್ತು ಮೌನ.

ಗಂಡ ತೀರಿಕೊಂಡ ಹೆಂಗಸು ಇಂತಿಷ್ಟು ಕಾಲ ಮನೆ ಬಿಟ್ಟು ಹೊರಗೆ ಹೋಗದೆ ಇರುವುದಕ್ಕೆ ಅವರಲ್ಲಿ ಇದ್ದತ್ ಎನ್ನುತ್ತಾರೆ. ಬಸುರಿಯಾಗಿದ್ದರೆ ಅದು ಹೆರಿಗೆಯ ತನಕ. ಹುಡುಗಿ ಇದ್ದತ್ತಿನಲ್ಲಿದ್ದಾಗಲೇ ಬೆಳಿಗ್ಗೆ ವಾಂತಿ ಶುರುವಾಯಿತು. ನನಗೂ ಆಗಲೇ ತಿಂಗಳು ನಿಂತಿತ್ತು. ಅದಕ್ಕೆ ಹಿಂದಿನ ವರ್ಷ ನನ್ನದೊಂದು ಬಸಿರು ಸ್ಕ್ಯಾನಿಂಗ್ ಮಾಡಿಸುವ ಮೊದಲೇ ಇಳಿದುಹೋಗಿತ್ತು. ಆದ್ದರಿಂದ ಈ ಸಲ ಯಾರಿಗೂ ಹೇಳದೆ ಬಾಯಿ ಮುಚ್ಚಿಕೊಂಡಿದ್ದೆ. ಉಮ್ಮ ಮೆಟ್ಟಿಲ ಬುಡದಲ್ಲಿ ನಿಂತು ನನ್ನನ್ನು ನೋಡಿ, "ಮೇಲೆ ಒಂದು, ಕೆಳಗೆ ಒಂದು" ಎಂದರು. ಅಷ್ಟೇ. ಆಮೇಲೆ ಒಳಗೆ ಹೋಗಿ ನಮ್ಮಿಬ್ಬರಿಗೂ ಲಿಂಬೆಯ ಶರಬತ್ತು ಮಾಡಿ ತಂದರು.

ಸುದ್ದಿ ಹೊರಗೆ ಹೋಗಲು ಹೆಚ್ಚು ದಿನ ಬೇಕಾಗಲಿಲ್ಲ. ದುಬೈಯಲ್ಲಿದ್ದ ಹಿರಿಯ ಮಗ ಫೋನು ಮಾಡಿದ. ತಮ್ಮನ ಗುರುತು ಉಳಿಯಿತು, ಆ ಮಗು ನಮ್ಮ ಮನೆಯದು, ಅವಳನ್ನು ಎಲ್ಲಿಗೂ ಕಳಿಸಬೇಡಿ ಎಂದ. ಕಕ್ಕಿಂಜೆಯಿಂದ ಹುಡುಗಿಯ ಸೋದರಮಾವ ಬಂದರು. ಅಪ್ಪ ಇಲ್ಲದ ಅವಳನ್ನು ಸಾಕಿದವರು ಅವರೇ, ಕೆಟ್ಟ ಮನುಷ್ಯರಲ್ಲ. ಇಷ್ಟು ಸಣ್ಣ ಹುಡುಗಿ ಈ ಮಗುವನ್ನು ಕಟ್ಟಿಕೊಂಡು ಜೀವಮಾನ ಕಳೆಯುವುದು ಹೇಗೆ, ಇನ್ನೊಂದು ಮದುವೆ ಯಾರು ಮಾಡಿಕೊಳ್ಳುತ್ತಾರೆ ಎಂಬ ಕಳವಳ ಅವರದು. ಪರಿಚಯದ ಒಂದು ಖಾಸಗಿ ಸ್ಕ್ಯಾನಿಂಗಿಗೆ ಕರೆದುಕೊಂಡು ಹೋಗುತ್ತೇನೆ, ಸಣ್ಣದಿರುವಾಗಲೇ ಏನಾದರೂ ಮಾಡುವ ಎಂದರು.

ಜಗಲಿಯಲ್ಲಿ ಮಾವ ಕೂತಿದ್ದರು, ಫೋನಿನ ಸ್ಪೀಕರಿನಲ್ಲಿ ಹಿರಿಯ ಮಗ ಇದ್ದ. ನಾನು ನೀರು ತುಂಬಿಸಲು ಕೆಳಗೆ ಬಂದವಳು ಕೊಡ ಹಿಡಿದುಕೊಂಡು ನಿಂತೆ. ಉಮ್ಮ ಇಬ್ಬರಿಗೂ ಒಟ್ಟಿಗೇ ಹೇಳಿದರು: "ನೀನು ಇಡಬೇಕು ಅಂತಿ, ನೀವು ತೆಗೀಬೇಕು ಅಂತೀರಿ. ಹೊಟ್ಟೆ ಇರುವವಳು ಒಳಗೆ ಇದ್ದಾಳೆ. ಅವಳ ಹತ್ತಿರ ಯಾರಾದರೂ ಕೇಳಿದಿರಾ?"

"ಅವಳಿಗೇನು ಗೊತ್ತು, ಸಣ್ಣ ಹುಡುಗಿ" ಎಂದರು ಮಾವ.

"ಮದುವೆ ಮಾಡುವಾಗ ಸಣ್ಣವಳಾಗಿರಲಿಲ್ಲವಾ?" ಎಂದರು ಉಮ್ಮ.

ಇದ್ದತ್ತಿನಲ್ಲಿರುವವಳು ಆಸ್ಪತ್ರೆಗೆ ಹೋಗಬಹುದೇ ಎಂದು ನೆಂಟರಲ್ಲಿ ಒಬ್ಬರು ತಗಾದೆ ತೆಗೆದರು. ಉಮ್ಮ ಅಲ್ಲಿಂದಲೇ ಮಸೀದಿಯ ಉಸ್ತಾದರಿಗೆ ಫೋನು ಮಾಡಿದರು. ಮದ್ದಿಗೆ, ವೈದ್ಯರಿಗೆ ಹೋಗಲೇಬೇಕಾದಾಗ ಹೋಗಬಹುದು ಎಂದು ಅವರು ಹೇಳಿದ್ದನ್ನು ಎಲ್ಲರಿಗೂ ಕೇಳಿಸಿ, "ಇದಕ್ಕೆ ಹೆಸರು ಉಂಟು" ಎಂದು ಫೋನು ಕೆಳಗಿಟ್ಟರು.

ನಾನು ಮಂಗಳೂರಿನ ಖಾಸಗಿ ಆಸ್ಪತ್ರೆಗೆ ಹೋಗುವ ಯೋಚನೆಯಲ್ಲಿದ್ದೆ. ಉಮ್ಮ ಬಿಡಲಿಲ್ಲ. "ಟೀಚರ್, ನಿಮ್ಮ ಶಾಲೆಗೆ ಮಕ್ಕಳು ಬರಲಿ ಅಂತ ಏಪ್ರಿಲ್, ಮೇಯಲ್ಲಿ ಮನೆಮನೆಗೆ ಹೋಗ್ತೀರಿ. ಸರ್ಕಾರದ ಶಾಲೆ ಚೆಂದ ಉಂಟು, ಬನ್ನಿ ಅಂತೀರಿ. ಮತ್ತೆ ಸರ್ಕಾರದ ಆಸ್ಪತ್ರೆಗೆ ನೀವು ಯಾಕೆ ಹೋಗುವುದಿಲ್ಲ?" ನಾನೂ ಅವರ ಜೊತೆ ಹೊರಟೆ. ಅವರು ತಮ್ಮ ಇಬ್ಬರು ಮಕ್ಕಳನ್ನೂ ಹೆತ್ತದ್ದು ಸರ್ಕಾರಿ ಆಸ್ಪತ್ರೆಯಲ್ಲೇ. ಆದರೆ ಸೊಸೆಯನ್ನು ಅಲ್ಲಿಗೇ ಕರೆದುಕೊಂಡು ಹೋಗುವುದಕ್ಕೆ ಅವರಿಗೆ ಇನ್ನೊಂದು ಕಾರಣವಿತ್ತು. ಬಸ್ಸಿನಲ್ಲಿ ನನ್ನ ಕಿವಿಯ ಹತ್ತಿರ ಹೇಳಿದರು: "ಖಾಸಗಿಯಲ್ಲಿ ಬಾಗಿಲು ಹಾಕ್ತಾರೆ. ಒಳಗೆ ಯಾರು ಏನು ಹೇಳಿ ಒಪ್ಪಿಸಿದರು ಅಂತ ಗೊತ್ತಾಗುವುದಿಲ್ಲ. ಇಲ್ಲಿ ಬೆಂಚಿನ ತುಂಬ ಹೆಂಗಸರು ಇರ್ತಾರೆ. ಅಷ್ಟು ಹೆಂಗಸರ ಎದುರು ಅವಳನ್ನು ಯಾರೂ ಕೈ ಹಿಡಿದು ಎಳೆಯುವುದಿಲ್ಲ."

ಆಸ್ಪತ್ರೆಯ ಹೆಸರು ಬೇಡ. ಬೆಳಿಗ್ಗೆ ಬೇಗ ಹೋಗಿ ಚೀಟಿ ಮಾಡಿಸಿ, ತೂಕ, ರಕ್ತ ಎಲ್ಲ ಮುಗಿಸಿ, ಸ್ಕ್ಯಾನಿಂಗ್ ಕೋಣೆಯ ಎದುರಿನ ಉದ್ದದ ಬೆಂಚಿನಲ್ಲಿ ಕೂತೆವು. ಉಮ್ಮ ಬೆಂಚನ್ನು ಸವರಿ ಕೂತರು. ಎಡಕ್ಕೆ ಸೊಸೆ, ಬಲಕ್ಕೆ ನಾನು. ಕಪ್ಪು ಬುರ್ಖಾದೊಳಗೆ ಆ ಹುಡುಗಿಯ ಕಣ್ಣು ಮಾತ್ರ ಕಾಣುತ್ತಿತ್ತು. ಅದು ಎದುರಿನ ಬಾಗಿಲಲ್ಲೇ ನೆಟ್ಟಿತ್ತು. ಹೊಟ್ಟೆಯೊಳಗಿನದು ಗಂಡೋ ಹೆಣ್ಣೋ ಎಂದು ಇಲ್ಲಿ ಹೇಳುವುದಿಲ್ಲ, ಕೇಳುವುದೂ ಅಪರಾಧ ಎಂಬ ಬೋರ್ಡು ಬಾಗಿಲ ಮೇಲೆ. ಮೊದಲ ಸ್ಕ್ಯಾನಿಂಗ್ ಆದ್ದರಿಂದ ನೀರು ಕುಡಿದು ಕಾಯಬೇಕು, ಮೂತ್ರಕ್ಕೆ ಹೋಗಬಾರದು. ಬೆಂಚಿನ ತುಂಬ ಹೆಂಗಸರು ಬಾಟಲಿ ಹಿಡಿದು, ಕಾಲಿನ ಮೇಲೆ ಕಾಲು ಹಾಕಿಕೊಂಡು, ಹೆಚ್ಚು ನಗದೆ ಕೂತಿದ್ದರು.

ಆ ಕಾಯುವಿಕೆಯ ಬಗ್ಗೆ ಹೇಳುವುದು ಕಷ್ಟ. ಹಿಂದಿನ ವರ್ಷ ಕಳೆದುಕೊಂಡವಳಿಗೆ ಒಳಗೆ ಏನಿದೆ ಎಂದು ತಿಳಿಯಬೇಕು, ತಿಳಿಯುವುದು ಬೇಡ, ಎರಡೂ ಅನಿಸುತ್ತದೆ. ಬಾಗಿಲು ತೆರೆದಾಗಲೆಲ್ಲ ಹೊರಗೆ ಬಂದವಳ ಮುಖ ನೋಡುತ್ತಿದ್ದೆ. ಉಮ್ಮ ಅದನ್ನು ಗಮನಿಸಿ, "ಅವರ ಮುಖದಲ್ಲಿ ನಿಮ್ಮ ಮಗು ಇಲ್ಲ ಟೀಚರ್. ಆ ಗೋಡೆ ನೋಡಿ" ಎಂದರು. ನನ್ನ ಆಚೆ ಕೂತಿದ್ದವಳು ಬೀಡಿ ಕಟ್ಟುವವಳು, ಎರಡು ಬಸ್ಸು ಬದಲಿಸಿ ಬಂದಿದ್ದಳು. ಅವಳೂ ನಮ್ಮ ಜೊತೆ ಗೋಡೆ ನೋಡಿದಳು.

ಕೆಲವರದು ಆಗಿತ್ತು, ಅರ್ಧಕ್ಕಿಂತ ಹೆಚ್ಚು ಬಾಕಿ ಇತ್ತು. ಅಷ್ಟರಲ್ಲಿ ಡಾಕ್ಟರಮ್ಮ ಕೋಣೆಯಿಂದ ಹೊರಗೆ ಬಂದು ಓಡುವ ಹಾಗೆ ಹೆರಿಗೆ ವಾರ್ಡಿನ ಕಡೆ ಹೋದರು. ಹೆರಿಗೆ, ಆಪರೇಷನ್, ಸ್ಕ್ಯಾನಿಂಗ್ ಎಲ್ಲಕ್ಕೂ ಅವರೊಬ್ಬರೇ. ಸ್ವಲ್ಪ ಹೊತ್ತು ಕಳೆದು ಸಿಸ್ಟರ್ ಬಂದು ಹೇಳಿದರು, "ಡಾಕ್ಟರಿಗೆ ಎಮರ್ಜೆನ್ಸಿ ಉಂಟು, ಥಿಯೇಟರಿಗೆ ಹೋಗಿದ್ದಾರೆ. ಇವತ್ತು ಇನ್ನು ಇಲ್ಲ. ಎಲ್ಲರೂ ಮುಂದಿನ ವಾರ ಬನ್ನಿ. ಅರ್ಜೆಂಟ್ ಇರುವವರು ಹೊರಗೆ ಮಾಡಿಸಿಕೊಳ್ಳಿ."

ಹೆಂಗಸರು ಚೀಲ ಎತ್ತಿಕೊಳ್ಳತೊಡಗಿದರು. ಹೀಗೆ ಹೇಳಿಸಿಕೊಂಡು ಏಳುವುದು ನಮಗೆಲ್ಲ ಅಭ್ಯಾಸವೇ. ನಾನೂ ಅರ್ಧ ಎದ್ದಿದ್ದೆ. ಉಮ್ಮ ನನ್ನ ಮೊಣಕೈ ಹಿಡಿದು ಕೂರಿಸಿದರು.

"ಇವತ್ತು ಇಲ್ಲ ಅಂತ ಡಾಕ್ಟರ್ ಹೇಳಿದ್ದಾ, ನೀವು ಹೇಳುವುದಾ?"

"ಅವರು ಯಾವಾಗ ಬರ್ತಾರೆ ಅಂತ ಯಾರಿಗೆ ಗೊತ್ತಮ್ಮ?" ಸಿಸ್ಟರಿಗೂ ಬೆಳಿಗ್ಗಿನಿಂದ ಸಾಕಾಗಿತ್ತು.

"ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅಂತ ಹೇಳಿ. ಇಲ್ಲ ಅಂತ ಯಾಕೆ ಹೇಳ್ತೀರಿ? ಒಳಗೆ ಒಬ್ಬಳ ಜೀವ ಉಳಿಸ್ತಾ ಇದ್ದಾರೆ, ಉಳಿಸಲಿ. ನಾವು ಅವಸರ ಮಾಡಲಿಲ್ಲ. ಉಳಿಸಿ ಬರಲಿ, ನಾವು ಇಲ್ಲೇ ಇರ್ತೇವೆ."

ಅದೇ ಹೊತ್ತಿಗೆ ಸೋದರಮಾವ ಬಂದರು. ನಾವು ಬಂದದ್ದು ಅವರಿಗೆ ಹೇಗೋ ಗೊತ್ತಾಗಿತ್ತು. ಸಿಸ್ಟರ್ ಹೇಳಿದ್ದು ಕಿವಿಗೆ ಬಿದ್ದಿರಬೇಕು. ಅವರ ಮುಖ ಹಗುರವಾಗಿತ್ತು. ಸೊಸೆಯ ಎದುರು ನಿಂತು, "ಇಲ್ಲಿ ಆಗುವುದಿಲ್ಲ ಅಂತೆ ಮಗಳೇ. ಬಾ, ಕಾರು ಹೊರಗೆ ಉಂಟು. ನಾನು ಹೇಳಿದಲ್ಲಿ ಈಗಲೇ ಮಾಡಿಸುವ" ಎಂದರು. ಮೆತ್ತಗೆ ಹೇಳಿದರು. ಆ ಮೆತ್ತಗಿನ ಮಾತಿಗೆ ಹುಡುಗಿ ಎದ್ದು ನಿಂತಳು. ಸಾಕಿದವರು ಕರೆದರೆ ಏಳುವುದು ಅವಳ ಮೈಗೆ ಬಂದ ಅಭ್ಯಾಸ.

ಉಮ್ಮ ಅವಳ ಕೈ ಹಿಡಿಯುತ್ತಾರೆಂದು ನಾನು ಎಣಿಸಿದೆ. ಹಿಡಿಯಲಿಲ್ಲ. ಎರಡೂ ಕೈ ಮೊಣಕಾಲ ಮೇಲೇ ಇತ್ತು. "ಹೋಗಬೇಕು ಅಂತ ನಿನಗೆ ಇದ್ದರೆ ಹೋಗು" ಎಂದರು. "ನಾನು ಬೇಜಾರು ಮಾಡುವುದಿಲ್ಲ. ಮಾವ ಕರೆದರು ಅಂತ ಹೋಗಬೇಡ. ಮಾಮಿ ಕೂತಿದ್ದಾಳೆ ಅಂತ ಕೂರಲೂ ಬೇಡ."

ಹುಡುಗಿ ನಿಂತೇ ಇದ್ದಳು. ಇಡೀ ಬೆಂಚು ಅವಳನ್ನು ನೋಡುತ್ತಿತ್ತು. ಚೀಲ ಎತ್ತಿಕೊಂಡು ಹೊರಟಿದ್ದವರೂ ನಿಂತಿದ್ದರು. ಕೊನೆಗೆ ಬುರ್ಖಾದೊಳಗಿನಿಂದ ಸಣ್ಣ ಸ್ವರ ಬಂತು. "ನನಗೆ ನೋಡಬೇಕು ಮಾವ. ಏನು ಉಂಟು ಅಂತ ನೋಡದೆ ನಾನು ಏನೂ ಹೇಳುವುದಿಲ್ಲ." ಮತ್ತೆ ಕೂತಳು.

ಉಮ್ಮ ಅವಳ ಕಡೆಗೆ ತಿರುಗಲೂ ಇಲ್ಲ. ಚೀಲದಿಂದ ಸ್ಟೀಲಿನ ಬುತ್ತಿ ತೆಗೆದು ಮುಚ್ಚಳ ಬಿಚ್ಚಿದರು. ಅಕ್ಕಿ ರೊಟ್ಟಿ, ತೆಂಗಿನಕಾಯಿ ಚಟ್ನಿ. ಅಷ್ಟು ರೊಟ್ಟಿ ಮೂರು ಜನರಿಗೆಂದು ಯಾರೂ ಮಾಡುವುದಿಲ್ಲ. ಈ ದಿನ ಹೀಗೇ ಆಗಬಹುದೆಂದು ಅವರು ಲೆಕ್ಕ ಹಾಕಿಯೇ ಬಂದಿರಬೇಕು. "ಕಾಯಬೇಕು ಅಂತ ಆದರೆ ಹಸಿದು ಯಾಕೆ ಕಾಯುವುದು? ತಿನ್ನುವ" ಎಂದು ಬೀಡಿಯವಳ ಕೈಗೊಂದು ರೊಟ್ಟಿ ಇಟ್ಟರು. ಅವಳು ಕೂತಳು. ಅವಳ ಹಿಂದೆ ಮತ್ತೊಬ್ಬಳು ಕೂತಳು. ನಾನು ನೋಡುತ್ತಿದ್ದ ಹಾಗೆ ಬೆಂಚು ಮೊದಲಿನ ಹಾಗೆ ತುಂಬಿತು. ಕಂಬಕ್ಕೊರಗಿ ನಿಂತಿದ್ದ ಮಾವನಿಗೂ ರೊಟ್ಟಿ ಹೋಯಿತು. ಬೇಡ ಎಂದರು. "ಸಿಟ್ಟು ನನ್ನ ಮೇಲೆ. ರೊಟ್ಟಿ ಏನು ಮಾಡಿತು?" ಎಂದರು ಉಮ್ಮ. ಸ್ವಲ್ಪ ಹೊತ್ತಾದ ಮೇಲೆ ನೋಡಿದರೆ ಅವರು ಆಚೆ ತಿರುಗಿ ತಿನ್ನುತ್ತಿದ್ದರು.

ಗುಡಿಸುವವಳು ಪೊರಕೆ ಹಿಡಿದು ಬಂದು, "ಎಲ್ಲ ಏಳಬೇಕು, ಗುಡಿಸಲಿಕ್ಕುಂಟು" ಎಂದಳು. ನಮ್ಮನ್ನು ಏಳಿಸಲು ಸಿಸ್ಟರೇ ಕಳಿಸಿದ್ದಿರಬಹುದು. ಉಮ್ಮ, "ಗುಡಿಸು ಮಗಳೇ, ನಾವು ಕಾಲು ಎತ್ತುತ್ತೇವೆ" ಎಂದು ಎರಡೂ ಕಾಲನ್ನು ನೆಲದಿಂದ ಮೇಲೆತ್ತಿದರು. ಬೆಂಚಿನ ಉದ್ದಕ್ಕೂ ಹೆಂಗಸರು ಒಬ್ಬರ ನಂತರ ಒಬ್ಬರು ಕಾಲೆತ್ತಿದರು. ನೀರು ಕುಡಿದು ತುಂಬಿದ ಹೊಟ್ಟೆಯಲ್ಲಿ ಕಾಲೆತ್ತಿ ಕೂರುವುದು ಎಂಥ ಸಂಕಟ ಎಂದು ಅನುಭವಿಸಿದವರಿಗೇ ಗೊತ್ತು. ಯಾರೋ ಕಿಸಕ್ಕನೆ ನಕ್ಕರು. ಆಮೇಲೆ ಎಲ್ಲರೂ. ಗುಡಿಸುವವಳೂ ನಕ್ಕು, ಗುಡಿಸಿಕೊಂಡು ಹೋದಳು. ಆ ಹುಡುಗಿಯ ಭುಜ ಅಲುಗಿದ್ದನ್ನು ನಾನು ನೋಡಿದೆ. ಗಂಡ ಸತ್ತ ಮೇಲೆ ಅವಳು ನಕ್ಕದ್ದು ಅದೇ ಮೊದಲು ಇರಬೇಕು.

ಮಧ್ಯಾಹ್ನ ಊಟದ ಹೊತ್ತು ಮೀರಿದ ಮೇಲೆ ಡಾಕ್ಟರಮ್ಮ ಬಂದರು. ಚಿಕ್ಕ ವಯಸ್ಸು, ಕಣ್ಣಿನ ಕೆಳಗೆ ಕಪ್ಪು. ಬೆಂಚು ನೋಡಿ ನಿಂತರು. "ನಿಮಗೆ ಹೋಗಲಿಕ್ಕೆ ಹೇಳಲಿಲ್ಲವಾ?" ಎಂದು ಕೇಳಿದರು.

"ಹೇಳಿದರು. ನಾವು ಹೋಗಲಿಲ್ಲ" ಎಂದರು ಉಮ್ಮ. "ಒಳಗಿನವಳು ಹೇಗಿದ್ದಾಳೆ?"

"ಚೆನ್ನಾಗಿದ್ದಾಳೆ. ಮಗುವೂ."

"ನೀವು ಊಟ ಮಾಡಿದಿರಾ?"

ಡಾಕ್ಟರಮ್ಮ ಇಲ್ಲವೆಂದು ತಲೆಯಾಡಿಸಿದರು. ಬುತ್ತಿಯಲ್ಲಿ ಉಳಿದಿದ್ದ ರೊಟ್ಟಿಯನ್ನು ಅಲ್ಲೇ ನಿಂತು ತಿಂದು, ಕೈ ತೊಳೆದು, "ಒಬ್ಬೊಬ್ಬರೇ ಬನ್ನಿ" ಎಂದು ಒಳಗೆ ಹೋದರು.

ಸೊಸೆಯ ಸರದಿ ಬಂದಾಗ ಜೊತೆಗೆ ಒಬ್ಬರು ಬರಬಹುದು ಎಂದರು ಸಿಸ್ಟರ್. ಹುಡುಗಿ ಮಾಮಿಯನ್ನು ನೋಡಿದಳು. ಉಮ್ಮ ಏಳಲಿಲ್ಲ. "ನೀವು ಹೋಗಿ ಟೀಚರ್. ನಾನು ಬಂದರೆ ಅವಳು ನನ್ನ ಮುಖ ನೋಡಿ ಉತ್ತರ ಹುಡುಕ್ತಾಳೆ." ಸತ್ತ ಮಗನದು ಏನಾದರೂ ಉಳಿದಿದೆಯೇ ಎಂದು ನೋಡುವ ಆಸೆ ಯಾವ ತಾಯಿಗೆ ಇರುವುದಿಲ್ಲ? ಆ ಬಾಗಿಲು ಅವರಿಗೆ ನಾಲ್ಕು ಹೆಜ್ಜೆ ದೂರದಲ್ಲಿತ್ತು. ಅವರು ಹೊರಗೇ ಕೂತರು.

ಒಳಗೆ ತಂಪು, ಕತ್ತಲೆ. ಹುಡುಗಿ ಮುಖದ ಬಟ್ಟೆ ಸರಿಸಿ ಮಲಗಿದಳು. ನಾನು ತಲೆಯ ಹತ್ತಿರ ನಿಂತೆ. ಪರದೆಯ ಮೇಲೆ ಬೂದು ಬಣ್ಣ ಅಲುಗಾಡಿತು, ನಿಂತಿತು. ನಡುವೆ ಅವರೆಕಾಳಿನಷ್ಟು ಒಂದು, ಅದರೊಳಗೆ ಏನೋ ಮಿಣಿಮಿಣಿ.

"ಅದು ಏನು ಮಿಣುಕುವುದು?" ಎಂದಳು.

"ಹೃದಯ" ಎಂದರು ಡಾಕ್ಟರಮ್ಮ.

ಅವಳು ಅಳಲಿಲ್ಲ. ತುಂಬ ಹೊತ್ತು ನೋಡಿದಳು. ಡಾಕ್ಟರಮ್ಮನೂ ಯಂತ್ರವನ್ನು ತೆಗೆಯಲಿಲ್ಲ, ಹೊರಗೆ ಅಷ್ಟು ಜನ ಇದ್ದರೂ.

ಹೊರಗೆ ಮಾವ ಬಾಗಿಲ ಎದುರೇ ನಿಂತಿದ್ದರು. ಉಮ್ಮ ಏನೂ ಕೇಳಲಿಲ್ಲ. ಹುಡುಗಿ ಮಾವನಿಗೆ ಹೇಳಿದಳು, "ನಾನು ಹೆರ್ತೇನೆ ಮಾವ." ಆಮೇಲೆ ಅತ್ತೆಯ ಕಡೆ ತಿರುಗಿ, ಅವಳ ಬಾಯಿಂದ ಬರುತ್ತದೆಂದು ನಾನು ಎಣಿಸಿರದ ಮಾತೊಂದನ್ನು ಹೇಳಿದಳು: "ನಿಮಗೋಸ್ಕರ ಅಲ್ಲ ಮಾಮಿ. ಅವರ ಗುರುತಿಗೂ ಅಲ್ಲ. ನನಗೆ ಬೇಕು ಅಂತ."

ಉಮ್ಮ ಅವಳನ್ನು ಕೆಳಗಿನಿಂದ ಮೇಲಕ್ಕೆ ನೋಡಿದರು, ಅಂಗಡಿಯಲ್ಲಿ ಒಳ್ಳೆಯ ಸಾಮಾನು ಬಂದರೆ ನೋಡುತ್ತಿದ್ದ ಹಾಗೆ. "ಹಾಗೆ ಹೇಳು" ಎಂದರು. ಅವರ ಮುಖ ಅಷ್ಟು ಬೆಳಗಿದ್ದನ್ನು ನಾನು ಮೊದಲು ನೋಡಿರಲಿಲ್ಲ.

ನನ್ನ ಸರದಿಯಲ್ಲಿ ಡಾಕ್ಟರಮ್ಮ ಬಹಳ ಹೊತ್ತು ಯಂತ್ರವನ್ನು ಆಚೀಚೆ ಸರಿಸಿ ಹುಡುಕಿದರು. ನಾನು ಗೋಡೆ ನೋಡಿದೆ. ಆಮೇಲೆ ಅವರು ಪರದೆಯನ್ನು ನನ್ನ ಕಡೆ ತಿರುಗಿಸಿದರು. ಅಲ್ಲಿಯೂ ಅದೇ ಮಿಣುಕು ಇತ್ತು. ಹೊರಗೆ ಬಂದು ಉಮ್ಮನ ಎದುರು ನಿಂತೆ. ಉಮ್ಮ ಒಮ್ಮೆ ನೋಡಿ ಎಲ್ಲ ತಿಳಿದುಕೊಂಡು, "ಸರಿ. ಈಗ ಇಬ್ಬರೂ ಮೊದಲು ಬಾತ್‌ರೂಮಿಗೆ ಹೋಗಿ ಬನ್ನಿ" ಎಂದರು. ಎಲ್ಲರ ಸ್ಕ್ಯಾನಿಂಗ್ ಮುಗಿಯುವ ತನಕ ನಾವು ಅಲ್ಲಿಯೇ ಇದ್ದೆವು. ಬೀಡಿಯವಳು ಕೊನೆಯವಳು. ಅವಳು ಹೊರಗೆ ಬಂದ ಮೇಲೆಯೇ ಉಮ್ಮ ಎದ್ದದ್ದು.

ನನಗೆ ಗಂಡು, ಸೊಸೆಗೆ ಹೆಣ್ಣು. ಎರಡೂ ಅದೇ ಆಸ್ಪತ್ರೆಯಲ್ಲಿ, ಅದೇ ಡಾಕ್ಟರಮ್ಮನ ಕೈಯಲ್ಲಿ. ಮಕ್ಕಳಿಬ್ಬರೂ ನಮ್ಮ ಮೆಟ್ಟಿಲಲ್ಲಿ ಹತ್ತಿ ಇಳಿದು ಬೆಳೆದರು. ಉಮ್ಮ ಇಬ್ಬರಿಗೂ ಒಂದೇ ಬಟ್ಟಲಲ್ಲಿ ಗಂಜಿ ತಿನ್ನಿಸುತ್ತಿದ್ದರು. ನನ್ನ ಮಗ ಮೊದಲು ಕರೆದದ್ದು "ಉಮ್ಮ" ಎಂದು. ಅವನು ಕರೆದದ್ದು ನನ್ನನ್ನೋ ಅವರನ್ನೋ ಎಂದು ನಮ್ಮಲ್ಲಿ ಜಗಳವಿತ್ತು. ಸೊಸೆಯನ್ನು ಅವರು ಮತ್ತೆ ಕಾಲೇಜಿಗೆ ಸೇರಿಸಿದರು. ಮಗುವನ್ನು ಸೊಂಟದಲ್ಲಿಟ್ಟುಕೊಂಡು ಬಸ್ ನಿಲ್ದಾಣದ ತನಕ ಹೋಗಿ ಅವಳನ್ನು ಬಸ್ಸು ಹತ್ತಿಸಿ ಬರುತ್ತಿದ್ದರು, ಹೆದ್ದಾರಿಯಲ್ಲಿ ಅಂಗೈ ತೋರಿಸಿಕೊಂಡು.

ಮಗುವಿಗೆ ನಾಲ್ಕು ತುಂಬಿದ ಮೇಲೆ ಮೂಡಬಿದ್ರೆಯಿಂದ ಒಂದು ಸಂಬಂಧ ಬಂತು. ಸಣ್ಣ ಹೋಟೆಲಿನವರು, ಹೆಂಡತಿ ತೀರಿಕೊಂಡಿದ್ದರು. ಮಾತಾಡಿ ನೋಡಿ ಹುಡುಗಿಯೇ ಒಪ್ಪಿದಳು. ಮಗುವೂ ಬರಲಿ ಎಂದು ಆ ಮನುಷ್ಯ ಮೊದಲೇ ಹೇಳಿದ್ದರು. ಆದರೆ ದುಬೈಯಿಂದ ರಜೆಯಲ್ಲಿ ಬಂದಿದ್ದ ಹಿರಿಯ ಮಗ ಕಡ್ಡಿ ಮುರಿದ ಹಾಗೆ ಹೇಳಿದ, "ಅವಳು ಹೋಗಲಿ. ಮಗು ಇಲ್ಲೇ ಇರಬೇಕು. ತಮ್ಮನ ಮಗಳು ಬೇರೆಯವರ ಮನೆಯಲ್ಲಿ ಬೆಳೆಯುವುದು ಬೇಡ." ನೆಂಟರೆಲ್ಲ ಅವನ ಕಡೆಗೇ. ಅಜ್ಜಿಯ ಹತ್ತಿರ ಬಿಟ್ಟುಹೋಗುವುದೇ ಕ್ರಮ ಎಂದರು. ಅವರೆಲ್ಲರ ಎಣಿಕೆಯಲ್ಲಿ ಉಮ್ಮನಿಗೂ ಅದೇ ಬೇಕಾಗಿತ್ತು. ಹೌದು, ಬೇಕಾಗಿತ್ತು. ಆ ಮಗು ಬಿಟ್ಟರೆ ಆ ಮನೆಯಲ್ಲಿ ಅವರಿಗೆ ಮಾತಿಗೆ ಇನ್ನು ಯಾರಿದ್ದರು?

"ಯಾರು ಹೇಳಿದ್ದು?" ಎಂದರು ಉಮ್ಮ.

"ನಾನು ಹೇಳ್ತಾ ಇದ್ದೇನೆ ಉಮ್ಮ" ಎಂದ ಮಗ.

"ನಿನಗೆ ಹೆಸರು ಉಂಟು, ಇಟ್ಟವಳು ನಾನೇ. ಆದರೆ ಮಗುವನ್ನು ಹೆತ್ತದ್ದು ನೀನಲ್ಲ, ನಾನೂ ಅಲ್ಲ. ಈ ಮಗು ನಿಮಗೋಸ್ಕರ ಅಲ್ಲ ಅಂತ ಹೆತ್ತವಳು ಆಸ್ಪತ್ರೆಯಲ್ಲೇ ನನ್ನ ಮುಖಕ್ಕೆ ಹೇಳಿದ್ದಾಳೆ. ನಾನು ಆಗಲಿ ಅಂತ ಒಪ್ಪಿದ್ದೇನೆ. ಈಗ ಪ್ರೀತಿ ಬಂತು ಅಂತ ಮಾತು ತಿರುಗಿಸ್ಲಾ?" ಮಗ ಏನೋ ಹೇಳಲು ಹೊರಟ. "ನಿನಗೆ ತಮ್ಮನ ಮಗಳನ್ನು ನೋಡಬೇಕಾದರೆ ಮೂಡಬಿದ್ರೆಗೆ ಬಸ್ಸು ಉಂಟು" ಎಂದರು. ಅವನು ಆ ಸಲ ಉಮ್ಮನ ಜೊತೆ ಸರಿಯಾಗಿ ಮಾತಾಡದೆ ವಾಪಸು ಹೋದ. ನೆಂಟರು ಕೆಲವರು ವರ್ಷಗಟ್ಟಲೆ ಜಗಲಿ ಹತ್ತಲಿಲ್ಲ.

ನಿಖಾ ಆಗಿ ಅವರು ಹೊರಟದ್ದು ಬೆಳಿಗ್ಗೆ. ಮಗುವಿನ ಬಟ್ಟೆಯನ್ನು ಉಮ್ಮನೇ ಮಡಚಿ ಇಟ್ಟಿದ್ದರು. ಮಗು ಕಾರಿನ ಕಿಟಕಿಯಿಂದ ಕೈ ಬೀಸಿತು, ಸಂಜೆ ಮರಳುವವರ ಹಾಗೆ. ಹುಡುಗಿ ಅತ್ತೆಯನ್ನು ತಬ್ಬಿಕೊಂಡು ಬಿಡಲೇ ಇಲ್ಲ. ಉಮ್ಮನೇ ಅವಳ ಕೈ ಬಿಡಿಸಿ ಕಾರಿನ ಬಾಗಿಲು ಹಾಕಿದರು. ಕಾರು ತಿರುವಿನಲ್ಲಿ ಮರೆಯಾದ ಮೇಲೂ ಅವರು ಒಳಗೆ ಹೋಗಲಿಲ್ಲ. ಅಷ್ಟರಲ್ಲಿ ಮೀನಿನವನು ಹಾರ್ನ್ ಹೊಡೆಯುತ್ತ ಬಂದ. ಉಮ್ಮ ಅವನ ಹತ್ತಿರ ಬಂಗುಡೆಗಾಗಿ ಎಂದಿಗಿಂತ ಜೋರಾಗಿ ಚೌಕಾಸಿ ಮಾಡಿದರು, ಕಿವಿರು ಬಿಡಿಸಿ ನೋಡಿದರು, ನಿನ್ನೆಯದು ಎಂದು ಬೈದರು.

"ಮೊಮ್ಮಗಳು ಹೋದಳಾ ಉಮ್ಮ?" ಎಂದು ಅವನು ಕೇಳಿದ.

"ಹೋದಳು. ತಾಯಿ ಜೊತೆ ಹೋದಳು. ಬೇರೆ ಯಾರ ಜೊತೆ ಹೋಗಬೇಕಿತ್ತು?"

ಮಧ್ಯಾಹ್ನ ಸಾರು ಮಾಡಿ ಒಂದು ಪಾತ್ರೆಯಲ್ಲಿ ಮೇಲೆ ತಂದರು. ನನ್ನ ಮಗ ಚಾಪೆಯ ಮೇಲೆ ನಿದ್ದೆ ಮಾಡುತ್ತಿದ್ದ. ಅವನ ಕಾಲ ಬುಡದಲ್ಲಿ ಕೂತು ಪಾದವನ್ನು ಮುಟ್ಟಿದರು. ಆಮೇಲೆ ಅತ್ತರು. ಮಗ ಸತ್ತ ಸುದ್ದಿ ಬಂದಾಗಲೂ ನನ್ನೆದುರು ಅಳದಿದ್ದವರು ಶಾಲಿನಿಂದ ಬಾಯಿ ಮುಚ್ಚಿಕೊಂಡು, ಮೈ ನಡುಗುವ ಹಾಗೆ ಅತ್ತರು. ನಾನು ಹತ್ತಿರ ಕೂತೆ. "ಸ್ವಲ್ಪ ದಿನ ಮಗುವನ್ನು ಇಟ್ಟುಕೊಳ್ಳಬಹುದಿತ್ತು ಉಮ್ಮ" ಎಂದೆ.

ಉಮ್ಮ ಶಾಲು ತೆಗೆದು ನನ್ನನ್ನು ನೋಡಿದರು. ಕಣ್ಣು ಕೆಂಪಾಗಿತ್ತು, ಸ್ವರದಲ್ಲಿ ಅಂಗಡಿಯ ಗಲ್ಲಾದ ಗಟ್ಟಿತನ ಇತ್ತು.

"ನೆಂಟರು ನಿಮ್ಮ ಹತ್ತಿರ ಕೇಳ್ತಾರೆ ಟೀಚರ್, ನನಗೆ ಗೊತ್ತುಂಟು. ಉಮ್ಮ ಅತ್ತಳು ಅಂತ ಹೇಳಿ. ಎಷ್ಟು ಬೇಕಾದರೂ ಹೇಳಿ. ತಪ್ಪು ಮಾಡಿದೆ ಅಂತ ಅತ್ತಳು ಅಂತ ಮಾತ್ರ ಹೇಳಬೇಡಿ."